ಹಾರ್ಟ್‌ವಿಗ್ ಅರಸನ ನೆಲಮಾಳಿಗೆ

“ಕೇಳಿರಿ, ಕೇಳಿರಿ! ಈ ದಿನ ಹಾರ್ಟ್‌ವಿಗ್ ಅರಸರ ವೈನ್ ಮನೆಗೆ ಬಂದವರಿಗೆಲ್ಲ ರುಚಿ ನೋಡಲು ಒಂದು ಬಟ್ಟಲು ಪುಕ್ಕಟೆ. ಕುಡಿದವರು ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರ್ಧ ದ್ರಾಕ್ಷಿತೋಟ. ತಪ್ಪಿದವರಿಗೆ ಸಂಜೆ ಶಿರಚ್ಛೇದ!”

ಜರ್ಮನಿಯ ರೈನ್ ನದಿಯ ದಂಡೆಯಲ್ಲಿ ಡಂಗುರದವನು ಹೀಗೆ ಸಾರುತ್ತಿದ್ದಾಗ, ದೋಣಿಯಾಳು ಯೋಸ್ಟ್ ಗೊರಕೆ ಹೊಡೆಯುತ್ತಿದ್ದ. ರಜೆಯ ದಿನ, ಪಾಪ. ಎದ್ದವನು ಜನ ಹೋದ ದಾರಿ ಹಿಡಿದು ಗುಡ್ಡ ಹತ್ತಿದ, ಕೊಟ್ಟ ಬಟ್ಟಲನ್ನು ಗಟಗಟ ಕುಡಿದ. ಬಾಯಿ ಒರೆಸಿಕೊಳ್ಳುತ್ತಿದ್ದಾಗ ಕಾವಲುಗಾರ ಹೆಗಲ ಮೇಲೆ ಕೈಯಿಟ್ಟು ಷರತ್ತು ಹೇಳಿದ.

“ಒಂದು ಬಟ್ಟಲಿಗೆ ತಲೆನಾ? ಇದ್ಯಾವ ನ್ಯಾಯ್ರಪ್ಪಾ?” ಎಂದ. ಕಾವಲುಗಾರ ಅವನನ್ನು ಅರಸನ ಸಭೆಗೆ ದೂಡಿಕೊಂಡು ಹೋದ.

ಅವನಿಗಿಂತ ಮುಂದೆ ಇಬ್ಬರಿದ್ದರು. “ಕೊಳೆತಷ್ಟೂ ಬೆಲೆಯೇರುವುದು ಯಾವುದು?” ಎಂದು ಅರಸ ಕೇಳಿದ. ಸರದಾರನೊಬ್ಬ “ಗೊಬ್ಬರ” ಎಂದು ಮೀಸೆ ತಿರುವಿದ. ಅವನನ್ನು ಕಟ್ಟಿ ಒಯ್ದರು. ಶ್ರೀಮಂತ ವರ್ತಕ ಬಹಳ ಯೋಚಿಸಿ “ಹಳೇ ಚೀಸ್” ಎಂದ. ಅವನೂ ಅಳುತ್ತ ಹೋದ.

ಯೋಸ್ಟನ ಸರದಿ ಬಂತು. “ಬರುವಾಗ ತೋಟದಲ್ಲಿ ಬೂಷ್ಟು ಹಿಡಿದ ದ್ರಾಕ್ಷೀನ ಹಸುಗೂಸಿನ ಹಾಗೆ ಎತ್ತಿ ಬುಟ್ಟಿಗಿಡ್ತಿದ್ರು, ಪ್ರಭು. ಇವರಿಗೆ ಹುಚ್ಚು ಅಂದ್ಕೊಂಡೆ. ಆದರೆ ಈಗ ಕುಡಿದದ್ದು ಜೇನಿಗಿಂತ ಸಿಹಿ. ಆ ದ್ರಾಕ್ಷೀನೇ ಇರಬೇಕು.”

“ಸರಿ. ಒಲೆಯಿಲ್ಲದೆ ಕುದಿಯುವುದು?”

“ಪೀಪಾಯಿಗೆ ತುಂಬಿದ ಹೊಸ ರಸ. ದೋಣಿಯಲ್ಲಿ ಸಾಗಿಸುವಾಗ ಅದರ ಗುಳುಗುಳು ಸದ್ದಿಗೆ ನಮಗೆ ನಿದ್ದೇನೇ ಬರಲ್ಲ.”

ಅರಸ ಪೀಠದಿಂದೆದ್ದ. “ಮೂರನೆಯದು. ಅದಕ್ಕೆ ಕೈಯಿಲ್ಲ, ಕತ್ತಿಯಿಲ್ಲ. ಹೋದ ಸುಗ್ಗಿಯಲ್ಲಿ ನೆಲಮಾಳಿಗೆಗೆ ಇಳಿದ ನನ್ನ ಒಬ್ಬನೇ ಮಗನನ್ನು ಕೊಂದಿತು. ಅದು ಯಾವುದು? ಉತ್ತರ ನನಗೂ ಗೊತ್ತಿಲ್ಲ.”

ಸಭೆ ದಂಗಾಯಿತು. ಉತ್ತರವಿಲ್ಲದ ಒಗಟಿಗೆ ತನ್ನ ತಲೆ ಅಡವಿಟ್ಟಿದ್ದನ್ನು ನೆನೆದು ಯೋಸ್ಟ್ ಆ ಮಗ ಸತ್ತ ಜಾಗದ ಬಗ್ಗೆ ಕಾವಲುಗಾರನನ್ನು ವಿಚಾರಿಸಿದ. ಆ ನೆಲಮಾಳಿಗೆಯಲ್ಲಿ ದೆವ್ವವಿದೆಯೆಂದು ಆಳುಗಳು ಈಗಲೂ ಪೀಪಾಯಿ ಇಳಿಸಿ, ಬಾಗಿಲೆಳೆದುಕೊಂಡು ಓಡಿಬರುತ್ತಿದ್ದರಂತೆ. ಅದನ್ನು ಕೇಳಿ ಅವನು ಒಂದು ದೀಪ, ಒಂದು ಹಗ್ಗ ತರಿಸಿಕೊಂಡ. ಬಾಗಿಲು ತೆರೆಸಿ, ತಾನು ಮೇಲೆಯೇ ನಿಂತು, ಉರಿಯುವ ದೀಪವನ್ನು ಕೆಳಗಿಳಿಸಿದ. ಎಣ್ಣೆ ತುಂಬಿದ ದೀಪ ತಟ್ಟನೆ ಆರಿಹೋಯಿತು.

“ಕುದಿಯುವ ರಸ ಬಿಡೋ ಉಸಿರು, ಪ್ರಭು. ಅದು ತಳದಲ್ಲಿ ತುಂಬಿಕೊಂಡರೆ ದೀಪವೂ ಉಳಿಯಲ್ಲ, ಮನುಷ್ಯನೂ ಉಳಿಯಲ್ಲ. ನಮ್ಮಣ್ಣ ದೋಣಿಯ ತಳದಲ್ಲಿ ಹೀಗೇ ಹೋದ. ಗಾಳಿ ಆಡ್ತಿದ್ರೆ ಏನೂ ಆಗಲ್ಲ. ಈ ಗಾಳಿಕಿಂಡಿಗಳಿಗೆ ಹಲಗೆ ಹೊಡೆಸಿದ್ದು ಯಾರು?”

ಮಂತ್ರಿಗಳು ತಲೆ ತಗ್ಗಿಸಿದರು. ಹೊಡೆಸಿದ್ದು ಯಾರೆಂದು ಅವರಿಗೆಲ್ಲ ಗೊತ್ತಿತ್ತು.

“ನಾನು,” ಎಂದ ಅರಸ. “ವೈನಿನ ಪರಿಮಳ ಹೊರಗೆ ಹೋಗಿ ದಂಡವಾಗುತ್ತದೆ ಅಂತ ನಾನೇ ಹೊಡೆಸಿದೆ.”

ಕಟ್ಟಿಹಾಕಿದ್ದ ಇಬ್ಬರನ್ನೂ ಅವನು ಬಿಡಿಸಿದ. ಅರ್ಧ ತೋಟ ಈ ಯೋಸ್ಟನದು ಎಂದು ಎಲ್ಲರೆದುರು ಹೇಳಿದ. ಯೋಸ್ಟನಿಗೆ ಸಂತೋಷಪಡಲು ಆಗಲಿಲ್ಲ. ಅರಸ ಅಂಗಳಕ್ಕಿಳಿದು ಬರಿಗೈಯಲ್ಲಿ ಗಾಳಿಕಿಂಡಿಯ ಹಲಗೆ ಕೀಳತೊಡಗಿದ. ಉಗುರು ಕಿತ್ತು ರಕ್ತ ಬಂದರೂ, ಆ ಹಲಗೆಗಳನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.