ದುಂಡು ಕಾಳು, ಚಪ್ಪಟೆ ಕಾಳು

ಜಗತ್ತು ಇನ್ನೂ ಹಸಿಹಸಿಯಾಗಿದ್ದ ಕಾಲವದು. ಹೊಳೆಗಳು ಗುಡ್ಡಗಳ ಹತ್ತಿರ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಕ್ಕಿಗಳಿಗೆ ಸ್ವಂತ ಹಾರಾಟ ಬರುತ್ತಿರಲಿಲ್ಲ. ಗಾಳಿಯಪ್ಪನೇ ಅವುಗಳನ್ನು ಹೆಗಲ ಮೇಲೆ ಹೊತ್ತು ಮುಗಿಲಲ್ಲಿ ತಿರುಗಾಡಿಸುತ್ತಿದ್ದ.

ಆಗ ಒಂದು ಬನ್ನಿಮರದಲ್ಲಿ ಎರಡು ಕೋಳಿಗಳಿದ್ದವು. ಮೇಲಿನ ಕೊಂಬೆಯಲ್ಲಿ ಕೆಂಪವ್ವ, ಕೆಳಗಿನ ಕೊಂಬೆಯಲ್ಲಿ ಚುಕ್ಕವ್ವ. ಚುಕ್ಕವ್ವನ ಮೈತುಂಬ ಎಳ್ಳು ಚೆಲ್ಲಿದಂಥ ಚುಕ್ಕಿ. ನೋಡಿದವರು ನೋಡುತ್ತಲೇ ನಿಲ್ಲುತ್ತಿದ್ದರು. ಆದರೆ ಅವಳ ಕಣ್ಣು ಸದಾ ಮೇಲಿನ ಕೊಂಬೆಯ ಮೇಲೆ. ಬೆಳಗಿನ ಬಿಸಿಲು ಮೊದಲು ಕೆಂಪವ್ವನ ಗೂಡಿಗೆ ಬಂದರೆ ಇವಳಿಗೆ ಹೊಟ್ಟೆಯುರಿ. ಕೆಂಪವ್ವನಿಗೆ ಒಂದು ಹುಳು ಸಿಕ್ಕರೆ, ತನ್ನ ಬಾಯಲ್ಲಿ ಎರಡಿದ್ದರೂ ಹೊಟ್ಟೆಯುರಿ. ಪಾಪ, ಆ ಹೊಟ್ಟೆಗೆ ಬೇರೆ ಕೆಲಸವೇ ಇರಲಿಲ್ಲ.

ಬರಬರುತ್ತ ಗಾಳಿಯಪ್ಪನಿಗೆ ವಯಸ್ಸಾಯಿತು. “ನಿಮ್ಮನ್ನ ಹೊತ್ತಿದ್ದಾತು. ಇನ್ನ ನಿಮ್ಮ ಮರಿಗಳನ್ನೂ ಹೊರೂದು ನನ್ನ ಕೈಲೆ ಆಗೂದಿಲ್ರವ್ವಾ” ಎಂದು ಕೂತುಬಿಟ್ಟ.

ಅದನ್ನು ಭೂಮಿತಾಯಿ ಕೇಳಿಸಿಕೊಂಡಳು. ಮೊಟ್ಟೆಯಿಡಲಿದ್ದ ಹಕ್ಕಿಗಳನ್ನೆಲ್ಲ ಕರೆದಳು. ಬಸುರಿ ಹೆಣ್ಣುಮಕ್ಕಳಿಗೆ ತುಂಬುವ ಹಾಗೆಯೇ ಎಲ್ಲರಿಗೂ ಉಡಿ ತುಂಬಿದಳು. ರೆಕ್ಕೆಯ ಸೆರಗಿಗೆ ಮೊರದಿಂದ ಜೋಳ ಸುರಿದು, ಅದರ ನಡುವೆ ಒಬ್ಬೊಬ್ಬರಿಗೂ ಒಂದೇ ಒಂದು ನೀಲಿ ಕಾಳು ಇಟ್ಟಳು.

“ಮರಿಗಳು ಹೊರಗ ಬಂದ ದಿನ ಈ ನೀಲಿ ಕಾಳು ಪುಡಿ ಮಾಡಿ ತಿನ್ನಸ್ರಿ. ಅವು ತಾವಾಗೇ ಮುಗಿಲಿಗೆ ಹಾರತಾವ. ಆದ್ರ ಗೂಡು ಮುಟ್ಟೂತನಕ ಉಡಿ ಬಿಚ್ಚಬ್ಯಾಡ್ರಿ” ಎಂದಳು.

ಗುಬ್ಬಿ ಉಡಿ ಮುಚ್ಚಿಕೊಂಡು ಹೋಯಿತು. ಗಿಳಿ ಉಡಿ ಮುಚ್ಚಿಕೊಂಡು ಹೋಯಿತು. ಹದ್ದೂ ಉಡಿ ಮುಚ್ಚಿಕೊಂಡು ಹೋಯಿತು. ಚುಕ್ಕವ್ವ ಮಾತ್ರ ಎರೆಹೊಲದ ನಡುವೆ ನಿಂತುಬಿಟ್ಟಳು. ಬಿಸಿಲಿಗೆ ಆ ಕರಿನೆಲ ಅಲ್ಲಲ್ಲಿ ಬಾಯಿ ಬಿಟ್ಟಿತ್ತು.

“ಯಕ್ಕಾ, ನಿನ್ನ ಉಡಿ ಭಾಳ ಉಬ್ಬೇತಲ್ಲ? ತಾಯಿ ನಿನಗ ಹೆಚ್ಚಿಗಿ ಹಾಕ್ಯಾಳೇನು?”

“ಉಬ್ಬಿದ್ದು ಉಡಿ ಅಲ್ಲ, ನನ್ನ ಹೊಟ್ಟಿ. ಸುಮ್ನ ನಡಿ” ಎಂದಳು ಕೆಂಪವ್ವ.

“ಹಂಗಾದ್ರ ಬಿಚ್ಚಿ ತೋರಸು.”

ಕೆಂಪವ್ವನೇನೂ ಕಡಿಮೆಯವಳಲ್ಲ. ಚುಕ್ಕವ್ವನಿಗೇ ಹೆಚ್ಚು ಸಿಕ್ಕಿರಬೇಕೆಂದು ಅವಳಿಗೂ ಒಳಗೊಳಗೇ ಅನುಮಾನವಿತ್ತು. ಇಬ್ಬರೂ ಉಡಿ ಬಿಚ್ಚಿದರು. ಜೋಳ ಸರಿಸಮ. ನೀಲಿ ಕಾಳೂ ಒಂದೊಂದೇ. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ.

“ನಿಂದು ದುಂಡಗೈತಿ. ನಂದು ಚಪ್ಪಟಿ!” ಎಂದಳು ಚುಕ್ಕವ್ವ.

“ಅಯ್ಯ, ಬೇಕಾದ್ರ ಬದಲಿ ಮಾಡ್ಕೊ.”

ಬದಲಾಯಿಸಿಕೊಂಡರು. ಚುಕ್ಕವ್ವನಿಗೆ ಒಂದು ಗಳಿಗೆ ಹಾಯೆನಿಸಿತು. ಅಷ್ಟರಲ್ಲಿ ಕೆಂಪವ್ವನ ಕೊಕ್ಕಿನಲ್ಲಿದ್ದ ತನ್ನ ಹಳೆಯ ಕಾಳು ಕಣ್ಣಿಗೆ ಬಿತ್ತು. ಅಲ್ಲಿ ಅದು ಎಷ್ಟು ದುಂಡಗೆ ಕಾಣುತ್ತಿತ್ತು! ತಡೆಯಲಾಗಲಿಲ್ಲ.

“ನಂದು ನನಗ ಕೊಡು!”

“ಈಗರ ಚಪ್ಪಟಿ ಅಂದಿ?”

“ನನ್ನ ಕಾಳು, ಚಪ್ಪಟಿ ಅಂತೀನಿ, ದುಂಡಗ ಅಂತೀನಿ. ನಿನಗೇನು?”

ಕೊಕ್ಕಿಗೆ ಕೊಕ್ಕು, ಕಾಲಿಗೆ ಕಾಲು. ಕತ್ತಿನ ಗರಿ ನಿಗುರಿದವು, ಪುಕ್ಕ ಹಾರಿದವು, ಜೋಳ ದಿಕ್ಕಾಪಾಲಾಯಿತು. “ಬಿಡ್ರವ್ವಾ, ಸಾಕು ಬಿಡ್ರಿ!” ಎಂದು ಗಾಳಿಯಪ್ಪ ಏದುಸಿರು ಬಿಡುತ್ತ ಬಂದ. ಯಾರು ಕೇಳಬೇಕು? ಇಬ್ಬರಿಗೂ ದಣಿವಾದಾಗಲೇ ಜಗಳ ನಿಂತಿತು.

ನೋಡಿದರೆ ನೀಲಿ ಕಾಳುಗಳಿಲ್ಲ. ಎರಡೂ ನೆಲದ ಬಿರುಕಿನೊಳಗೆ ಉರುಳಿಹೋಗಿದ್ದವು. ಎಳೆದಾಟದಲ್ಲಿ ಕೊಕ್ಕಿಗೆ ಅಂಟಿದ ನೀಲಿ ಪುಡಿಯಷ್ಟೇ ಉಳಿದಿತ್ತು. ಇಬ್ಬರೂ ಸಂಜೆಯವರೆಗೆ ನೆಲ ಕೆದರಿದರು. ಜೋಳ ಸಿಕ್ಕಿತು, ಹುಳು ಸಿಕ್ಕಿತು. ನೀಲಿ ಕಾಳು ಸಿಗಲಿಲ್ಲ.

“ಅಲ್ಲೇನು ಗದ್ದಲ?” ಎಂದು ಗಿಳಿ ಮರದ ಮೇಲಿಂದ ಕೇಳಿತು. “ಏನಿಲ್ಲ ಬಿಡವ್ವಾ, ಕೋಳಿಜಗಳ” ಎಂದಿತು ಗುಬ್ಬಿ. ಸಣ್ಣದಕ್ಕೆ ಹತ್ತಿಕೊಂಡು ದೊಡ್ಡದನ್ನು ಕಳೆಯುವ ಜಗಳಕ್ಕೆ ಅಂದಿನಿಂದ ಅದೇ ಹೆಸರು ನಿಂತಿತು.

ಮೊಟ್ಟೆಯೊಡೆದು ಮರಿಗಳು ಬಂದವು. ಕೊಕ್ಕಿನ ನೀಲಿ ಪುಡಿಯನ್ನೇ ತಾಯಂದಿರು ನೆಕ್ಕಿಸಿದರು. ಬೇಲಿ ದಾಟುವಷ್ಟು ಹಾರಾಟ ಬಂತು, ಅಷ್ಟೇ.

“ಅವ್ವಾ, ಗುಬ್ಬಿ ಮರಿ ಮುಗಿಲಿಗೆ ಹೋತು. ನಾ ಯಾವಾಗ ಹೋಗ್ಲಿ?” ಎಂದು ಚುಕ್ಕವ್ವನ ಮರಿ ಕೇಳಿತು. ಮೊದಲ ಸಲ ಚುಕ್ಕವ್ವನಿಗೆ ಕೆಂಪವ್ವನ ಮೇಲೆ ಉರಿಯಲಿಲ್ಲ, ತನ್ನ ಮೇಲೆಯೇ ಉರಿಯಿತು. ಅಷ್ಟರಲ್ಲಿ ನೆಲದ ಮೇಲೆ ಹದ್ದಿನ ನೆರಳು ಹಾಯಿತು. ಅವಳು ರೆಕ್ಕೆ ಬಿಚ್ಚಿ ಸಿಕ್ಕ ಮರಿಗಳನ್ನೆಲ್ಲ ಒಳಗೆಳೆದುಕೊಂಡಳು. ಹದ್ದು ಹೋದ ಮೇಲೆ ನೋಡಿದರೆ ಅದರಲ್ಲಿ ಅರ್ಧ ಕೆಂಪವ್ವನ ಮರಿಗಳು. ಅವಳ ಉಳಿದ ಮರಿಗಳು ಕೆಂಪವ್ವನ ರೆಕ್ಕೆಯಡಿ ಬೆಚ್ಚಗಿದ್ದವು.

ಹಾಗೆಂದು ಜಗಳ ನಿಂತಿತೆಂದುಕೊಳ್ಳಬೇಡಿ. ಅಂಗಳದಲ್ಲಿ ಎರಡು ಕೋಳಿ ಕತ್ತಿನ ಗರಿ ಕೆದರಿ ಎದುರುಬದುರು ನಿಂತಾಗ ಗಮನಿಸಿ. ಜಗಳದ ನಟ್ಟನಡುವೆ ಎರಡೂ ತಟ್ಟನೆ ತಲೆ ಬಗ್ಗಿಸಿ ಬರೀ ನೆಲ ಕುಕ್ಕುತ್ತವೆ. ನೀಲಿ ಕಾಳು ಇಲ್ಲೇ ಎಲ್ಲಾದರೂ ಇದ್ದೀತೇ ಎಂದು ಹುಡುಕುತ್ತವೆ. ಸಿಗದೆ ಹೋದಾಗ ತಲೆಯೆತ್ತಿ, ಕಳೆದದ್ದು ನಿನ್ನಿಂದಲೇ ಎಂದು ಮತ್ತೆ ಶುರು ಮಾಡುತ್ತವೆ.