ಓದಿ ಹೇಳಲು ಬಂದವರು

“ಅಜ್ಜಾರ, ಸೇವೆ ಅಂಬೋದ್ರಾಗ ಎಲ್ಲಾದಕ್ಕಿಂತ ದೊಡ್ಡದು ಯಾವುದ್ರಿ?”

ಕೊಟ್ರೇಶ ನಿಂತಲ್ಲೇ ಕಾಲು ಬದಲಿಸುತ್ತ ಕೇಳಿದ. ಕೂರುವಷ್ಟು ವ್ಯವಧಾನ ಅವನಿಗಿರಲಿಲ್ಲ. ಮಠದ ಪ್ರಸಾದನಿಲಯದಲ್ಲಿ ಉಳಿದುಕೊಂಡು ಊರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗ ಅವನು. ಹಾಲಯ್ಯನವರು ಆ ಮಠದ ಗುರುಗಳು. ಹುಡುಗರಿಗೆಲ್ಲ ಅವರು ಅಜ್ಜಾರು.

ಇಲ್ಲಿಯವರೆಗೆ ಏನೇನು ಮಾಡಿದೆ ಎಂದು ಅಜ್ಜಾರು ಕೇಳಿದರು. ಕೊಟ್ರೇಶ ಹೇಳುತ್ತ ಹೋದ. ಕಾಲೇಜಿನ ಸೇವಾ ಘಟಕಕ್ಕೆ ಸೇರಿದ ಹೊಸತರಲ್ಲಿ ಅವನು ಗಿಡ ನೆಟ್ಟಿದ್ದ. ಆ ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಮನಸ್ಸು ರಕ್ತದಾನದ ಕಡೆ ಹೋಗಿತ್ತು. ಅಲ್ಲಿಂದ ಕೆರೆಯ ಹೂಳೆತ್ತಲು ಹೋದ. ಕೆರೆ ಬಿಟ್ಟು ಇಟ್ಟಿಗೆ ಭಟ್ಟಿಯ ಮಕ್ಕಳಿಗೆ ಸಂಜೆ ಹೊತ್ತು ಅಕ್ಷರ ಹೇಳಿಕೊಡಲು ಶುರುಮಾಡಿದ. ಆ ಮಕ್ಕಳು ನಿನ್ನೆ ಕಲಿತದ್ದನ್ನು ಇವತ್ತು ಮರೆತು ಕೂತಿರುತ್ತಿದ್ದವು. ಅದೂ ಸಾಕಾಯಿತು. ಈಗ ದೊಡ್ಡ ಶಿಬಿರವೊಂದು ಬಂದಿತ್ತು. ಬೇರೆ ಜಿಲ್ಲೆ, ಹತ್ತಾರು ಕಾಲೇಜಿನವರು, ತಿಂಗಳಿಡೀ ಕೆಲಸ. ಬರುತ್ತೀಯೋ ಇಲ್ಲವೋ ಎಂದು ಬೆಳಗಿನಿಂದ ಅವನ ಫೋನು ಜೇಬಿನಲ್ಲಿ ಗುರುಗುಡುತ್ತಲೇ ಇತ್ತು.

“ಎಲ್ಲಿ ಹೋದ್ರೂ ಇದಲ್ಲ, ಇದಕ್ಕಿಂತ ದೊಡ್ಡದು ಇನ್ನೊಂದು ಐತಿ ಅನಿಸ್ತೈತ್ರಿ. ಒಂದ್ ಕಡೆ ಮನಸ್ಸು ನಿಲ್ಲವಲ್ದು.”

“ನಿನ್ನ ಕಾಲೂ ನಿಂತಿಲ್ಲ,” ಎಂದರು ಅಜ್ಜಾರು. “ಮೊದಲು ಕೂಡು. ಒಂದು ಕತೆ ಹೇಳ್ತೀನಿ.”

ಕೊಟ್ರೇಶ ಕಂಬಕ್ಕೆ ಒರಗದೆ ತುದಿಗಾಲಿನಲ್ಲಿ ಕೂತ. ಅಜ್ಜಾರು ಕತೆ ಹೇಳಿದರು.

ಒಂದು ಊರಿನಲ್ಲಿ ಕಣ್ಣಿಲ್ಲದ ಒಬ್ಬ ಮನುಷ್ಯನಿದ್ದ. ಕುರ್ಚಿಗಳಿಗೆ ಬೆತ್ತ ಹೆಣೆದು ಹೊಟ್ಟೆ ಹೊರೆಯುತ್ತಿದ್ದ. ಕೈಗೆ ಬೇಕಾದಷ್ಟು ಕೆಲಸವಿತ್ತು, ತಲೆಗೆ ಇರಲಿಲ್ಲ. ತಲೆ ಸುಮ್ಮನಿರಲಿಲ್ಲ. ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಬಿ.ಎ. ಮಾಡಲು ಹೊರಟ. ಒಂದೊಂದೇ ವಿಷಯ ದಾಟಿಕೊಂಡು ಬಂದ. ಕೊನೆಗೆ ಅರ್ಥಶಾಸ್ತ್ರವೊಂದು ಉಳಿಯಿತು. ಅದನ್ನು ಪಾಸು ಮಾಡಿದರೆ ಕಣ್ಣಿಲ್ಲದ ಮಕ್ಕಳ ಶಾಲೆಯಲ್ಲಿ ಅವನಿಗೆ ಮೇಷ್ಟರ ಕೆಲಸ ಸಿಗುವುದಿತ್ತು. ಈ ವರ್ಷದ ಪರೀಕ್ಷೆಯವರೆಗೆ ಜಾಗ ಹಿಡಿದಿಡುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಖಡಾಖಂಡಿತವಾಗಿ ಹೇಳಿದ್ದರು. ಅವನಿಗೆ ಆ ಕೆಲಸದ ಮೇಲೆ ಜೀವ. ತನ್ನಂಥ ಮಕ್ಕಳ ನಡುವೆ ನಿಂತು ಪಾಠ ಹೇಳಬೇಕು, ಅದೊಂದೇ ಆಸೆ.

ತೊಡಕು ಪುಸ್ತಕದ್ದು. ಅದು ಬ್ರೈಲ್ ಲಿಪಿಯಲ್ಲಿ ಬಂದಿರಲಿಲ್ಲ. ಫೋನು ತಾನೇ ಪುಸ್ತಕ ಓದಿ ಹೇಳುವ ಕಾಲವೂ ಅದಲ್ಲ. ಕಣ್ಣಿದ್ದವರು ಯಾರಾದರೂ ಎದುರಿಗೆ ಕೂತು ಓದಬೇಕು, ಅವನು ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೇರೆ ದಾರಿ ಇರಲಿಲ್ಲ.

ಆ ಊರಿನ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸೇವಾ ಸಂಘವಿತ್ತು. ಸಂಘದ ಹುಡುಗರು, ಹುಡುಗಿಯರು ಒಳ್ಳೆಯವರು. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡಬೇಕು, ಮುಂದೆ ಕೇಳುತ್ತ ಹೋದರೆ ನಿನಗೆ ಅನುಮಾನ ಬರಬಹುದು. ಸಂಘಕ್ಕೆ ಒಂದು ಪದ್ಧತಿಯಿತ್ತು. ಯಾರೂ ಒಂದೇ ಸೇವೆಗೆ ಅಂಟಿಕೊಳ್ಳಬಾರದು, ಎಲ್ಲರಿಗೂ ಎಲ್ಲದರ ಅನುಭವ ಆಗಬೇಕು. ಈ ಭಾನುವಾರ ಆಸ್ಪತ್ರೆಗೆ ಹೋದವನು ಮುಂದಿನ ಭಾನುವಾರ ಕೆರೆಗೆ ಹೋಗುತ್ತಿದ್ದ. ಕೆರೆಗೆ ಹೋದವಳು ಕಣ್ಣಿಲ್ಲದವನ ಕೋಣೆಗೆ ಬರುತ್ತಿದ್ದಳು. ಹೀಗೆ ಭಾನುವಾರಕ್ಕೊಂದು ಹೊಸ ದನಿ ಅವನ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುತ್ತಿತ್ತು.

ಬಂದವರು ಪುಸ್ತಕ ಎತ್ತಿಕೊಂಡು ಎಲ್ಲಿಂದ ಓದಲಿ ಎಂದು ಕೇಳುತ್ತಿದ್ದರು. ಎರಡನೇ ಪಾಠದಿಂದ ಎನ್ನುತ್ತಿದ್ದ ಅವನು. ಅರ್ಧ ಪುಟ ಓದುವಷ್ಟರಲ್ಲಿ ಓದುವವರಿಗೇ ತಲೆಬುಡ ತಿಳಿಯುತ್ತಿರಲಿಲ್ಲ. ಹಿಂದಿನದು ಗೊತ್ತಿಲ್ಲದೆ ಇದು ಹೇಗೆ ತಿಳಿದೀತು, ಮೊದಲಿನಿಂದಲೇ ಅಚ್ಚುಕಟ್ಟಾಗಿ ಓದಿಬಿಡೋಣ ಎಂದು ಹಾಳೆಗಳನ್ನು ಹಿಂದಕ್ಕೆ ತಿರುವುತ್ತಿದ್ದರು. ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ, ಅವನ್ನು ತೀರಿಸುವ ಸಾಧನಗಳಿಗೆ ಮಿತಿಯುಂಟು ಎಂದು ಮೊದಲ ಪಾಠ ಶುರುವಾಗುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಭಾನುವಾರವೂ ಮುಗಿಯುತ್ತಿತ್ತು. ಓದಿದವರು ಹಗುರ ಮನಸ್ಸಿನಿಂದ ಮನೆಗೆ ಹೋಗುತ್ತಿದ್ದರು.

ಒಮ್ಮೆ ಅವನು ಬಾಯಿ ಬಿಟ್ಟು ಹೇಳಿ ನೋಡಿದ. ಮೊದಲ ಪಾಠ ಬೇಡ, ಬಹಳ ಸಲ ಕೇಳಿಯಾಗಿದೆ ಎಂದ. ಓದಲು ಬಂದಿದ್ದ ಹುಡುಗನ ದನಿ ಸಣ್ಣದಾಯಿತು. ಮರುದಿನ ಸಂಘದ ಮುಖಂಡ ಬಂದು ಮೆತ್ತಗೆ ಮಾತಾಡಿದ. ಪಾಪ, ಹುಡುಗರು ರಜೆ ಬಿಟ್ಟು ಬರುತ್ತಾರೆ, ಅವರಿಗೆ ಅಪ್ಪಣೆ ಕೊಟ್ಟಂತೆ ಆಗಬಾರದು, ನೀವೂ ಸ್ವಲ್ಪ ಹೊಂದಿಕೊಳ್ಳಿ ಎಂದ. ಕಣ್ಣಿಲ್ಲದವನು ಹೆದರಿದ. ಬರುವವರೂ ಬರದೆ ಹೋದರೆ ಏನು ಗತಿ? ಅಂದಿನಿಂದ ಅವನು ಹೊಂದಿಕೊಂಡ. ಯಾರು ಎಲ್ಲಿಂದ ಓದಿದರೂ ಕೈಕಟ್ಟಿ ಕೂತು ಕೇಳಿದ.

ಪರೀಕ್ಷೆ ಹತ್ತಿರ ಬಂತು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆತ್ತವನ್ನು ತಪ್ಪಾಗಿ ಹೆಣೆದು, ಬಿಚ್ಚಿ, ಮತ್ತೆ ತಪ್ಪಾಗಿ ಹೆಣೆಯುತ್ತಿದ್ದ. ಬೀದಿಯಲ್ಲಿ ಯಾರಾದರೂ ನಡೆದರೆ ಎದ್ದು ಬಾಗಿಲಿಗೆ ಬರುತ್ತಿದ್ದ. ಹೆಜ್ಜೆ ಮುಂದೆ ಹೋದರೆ ಮತ್ತೆ ಒಳಗೆ. ಮೊದಲ ಪಾಠ ಮಾತ್ರ ತಲೆಯಲ್ಲಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಒಮ್ಮೆ ನೆಗಡಿಯಾದ ಹುಡುಗನ ದನಿಯಲ್ಲಿ, ಒಮ್ಮೆ ಗಡಿಬಿಡಿಯಲ್ಲಿ ಓದುವ ಹುಡುಗಿಯ ದನಿಯಲ್ಲಿ. ಎರಡನೇ ಪಾಠದಲ್ಲಿ ಮೊದಲ ಅರ್ಧ ಪುಟದ ಆಚೆ ಏನಿದೆಯೋ ಅವನಿಗೆ ಗೊತ್ತಿರಲಿಲ್ಲ.

ಅಂಥ ಒಂದು ಭಾನುವಾರ ಒಬ್ಬ ವಿದ್ಯಾರ್ಥಿನಿ ಬಂದಳು. ಅವಳೂ ಹಾಳೆ ಹಿಂದಕ್ಕೆ ತಿರುವಿದಳು, ಅವಳೂ ಮೊದಲ ಪಾಠ ಹಿಡಿದಳು. ಸ್ವಲ್ಪ ಓದಿ ನೀರು ಕುಡಿಯಲು ನಿಲ್ಲಿಸಿದಳು. ಕಣ್ಣಿಲ್ಲದವನು ಯಾವುದೋ ಯೋಚನೆಯಲ್ಲಿದ್ದ. ತನಗೆ ಅರಿವಿಲ್ಲದೆ ಅವಳು ನಿಲ್ಲಿಸಿದ ವಾಕ್ಯವನ್ನು ತಾನೇ ಮುಗಿಸಿದ. ಅದರ ಮುಂದಿನದನ್ನೂ ಹೇಳಿದ.

“ನಿಮಗ ಇದು ಬಾಯಿಪಾಠ ಐತಲ್ರಿ!”

“ಐತ್ರಿ.”

“ಮತ್ತ ನಾ ಓದೂದನ್ನ ಸುಮ್ನ ಯಾಕ ಕೇಳಾಕ ಹತ್ತೀರಿ?”

“ನೀವು ಓದಾಕಂತ ಅಷ್ಟು ದೂರದಿಂದ ಬಂದೀರಿ. ಬ್ಯಾಡ ಅಂದ್ರ ನಿಮಗ ಬ್ಯಾಸರ ಆಗ್ತೈತಿ.”

ಹಾಳೆಗಳನ್ನು ಮುಂದಕ್ಕೆ ತಿರುವಿದ ಸದ್ದಾಯಿತು. ಎರಡನೇ ಪಾಠ ಶುರುವಾಯಿತು. ಅವಳಿಗೂ ಅದು ತಿಳಿಯಲಿಲ್ಲ. ತಿಳಿಯದಿದ್ದರೂ ಓದಿದಳು. ತಿಳಿಯಬೇಕಾದವರು ನೀವು, ನಾನಲ್ಲ ಎಂದಳು. ಹೊರಡುವಾಗ, ಇನ್ನು ಭಾನುವಾರ ಗೀನುವಾರ ಇಲ್ಲ, ಪುಸ್ತಕ ಮುಗಿಯುವತನಕ ದಿನಾ ಸಂಜೆ ಬರುತ್ತೇನೆ, ಸಂಘದವರಿಗೆ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ ಎಂದಳು.

ಬಂದಳು ಕೂಡ. ಅವಳ ಚಪ್ಪಲಿಯ ಒಂದು ಪಟ್ಟಿ ಸಡಿಲವಾಗಿತ್ತು. ಬೀದಿಯ ತಿರುವಿನಲ್ಲೇ ಅದರ ಪಟಪಟ ಅವನಿಗೆ ಕೇಳುತ್ತಿತ್ತು. ಎರಡನೇ ಪಾಠ ಮುಗಿಯಿತು. ಮೂರನೆಯದು ಮುಗಿಯಿತು. ಅವನು ನೆಟ್ಟಗೆ ಉಂಡ, ನೆಟ್ಟಗೆ ಹೆಣೆದ. ಅಕ್ಕಪಕ್ಕದವರೊಡನೆ ನಕ್ಕು ಮಾತಾಡಿದ. ಇಷ್ಟು ಸುಖ ತನಗಿದೆಯೆಂದು ಅವನಿಗೇ ನಂಬಿಕೆ ಬರಲಿಲ್ಲ. ನಾಲ್ಕನೇ ಪಾಠ ಅರ್ಧಕ್ಕೆ ಬಂದಾಗ ಕತ್ತಲಾಯಿತೆಂದು ಅವಳು ಬೆತ್ತದ ಸೀಳೊಂದನ್ನು ಗುರುತಿಗೆ ಇಟ್ಟು ಹೋದಳು. ಇದೇ ವೇಗದಲ್ಲಿ ಹೋದರೆ ಪರೀಕ್ಷೆಗೆ ಮುಂಚೆ ಪುಸ್ತಕ ಮುಗಿಯುತ್ತಿತ್ತು.

ಆಗ ಹೊಳೆಗೆ ನೆರೆ ಬಂತು. ಕೆಳಗಿನ ಹಳ್ಳಿಗಳು ಮುಳುಗಿದವು. ಜನ ಉಟ್ಟ ಬಟ್ಟೆಯಲ್ಲಿ ದಿಬ್ಬ ಹತ್ತಿ ಕೂತರು. ಸಂಘದವರು ಅಕ್ಕಿ, ಕಂಬಳಿ, ಔಷಧ ಹೊತ್ತುಕೊಂಡು ಲಾರಿ ಹತ್ತಿದರು. ವಿದ್ಯಾರ್ಥಿನಿಯೂ ಹತ್ತಿದಳು. ಹತ್ತದೆ ಇರುವುದಾದರೂ ಹೇಗೆ? ಊರಿಗೆ ಊರೇ ನೀರಿನಲ್ಲಿದ್ದಾಗ ಪುಸ್ತಕ ಹಿಡಿದು ಕೂರುವುದು ಅವಳಿಗೆ ಪಾಪವೆನಿಸಿತು. ಕೊಟ್ಟ ಮಾತನ್ನೂ ಅವಳು ಮರೆಯಲಿಲ್ಲ. ನನ್ನ ಬದಲು ನೀನು ಹೋಗಿ ಓದು ಎಂದು ಗೆಳತಿಗೆ ಒಪ್ಪಿಸಿ ಹೊರಟಳು.

ಆ ಸಂಜೆ ಕಣ್ಣಿಲ್ಲದವನು ಕೈ ತೊಳೆದು, ಚಾಪೆ ಹಾಸಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಟಪಟ ಕೇಳಲಿಲ್ಲ. ಬೇರೆ ಹೆಜ್ಜೆ ಬಂತು, ಬೇರೆ ದನಿ ನಮಸ್ಕಾರ ಹೇಳಿತು. ಗೆಳತಿ ನೆರೆಯ ಸುದ್ದಿ ತಿಳಿಸಿದಳು. ಎಲ್ಲಿಂದ ಓದಲಿ ಎಂದಳು. ಬೆತ್ತದ ಸೀಳು ಇರುವಲ್ಲಿಂದ ಎಂದು ಅವನು ಹೇಳಿದ. ಗೆಳತಿ ಅರ್ಧ ಪುಟ ಓದಿದಳು. ಇದರ ತಲೆಬುಡ ತಿಳಿಯುವುದಿಲ್ಲವಲ್ಲ ಎಂದು ತನ್ನಲ್ಲೇ ಗೊಣಗಿದಳು. ಹಾಳೆಗಳು ಹಿಂದಕ್ಕೆ ಸರಿದ ಸದ್ದು ಅವನಿಗೆ ಕೇಳಿತು. ಬೇಡ ಎನ್ನಲು ಬಾಯಿ ತೆರೆದ. ಮುಖಂಡ ಮೆತ್ತಗೆ ಹೇಳಿದ್ದು ನೆನಪಾಯಿತು, ಬಾಯಿ ಮುಚ್ಚಿದ. ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ ಎಂದು ಗೆಳತಿ ಇಂಪಾಗಿ ಓದಿದಳು.

ಮರುದಿನ ಅವಳೂ ಬರಲಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಮನೆಮನೆಯಿಂದ ಹಳೆ ಬಟ್ಟೆ ಕೂಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಊರಲ್ಲಿ ಕೈಕಾಲು ಗಟ್ಟಿಯಿದ್ದವರೆಲ್ಲ ಆ ವಾರ ಪುಣ್ಯದ ಕೆಲಸದಲ್ಲಿ ಮುಳುಗಿದ್ದರು. ಕಣ್ಣಿಲ್ಲದವನು ಸಂಜೆಯಾದರೆ ಚಾಪೆ ಹಾಸುತ್ತಿದ್ದ. ಬಾಗಿಲಿಗೂ ಚಾಪೆಗೂ ನಡೆದು ನಡೆದು ದಣಿಯುತ್ತಿದ್ದ. ತಾನೇ ಪುಸ್ತಕ ತೆರೆದು ಹಾಳೆಯ ಮೇಲೆ ಬೆರಳಾಡಿಸುತ್ತಿದ್ದ. ಅಚ್ಚಾದ ಅಕ್ಷರ ಬೆರಳಿಗೆ ಏನು ಹೇಳೀತು?

ಪರೀಕ್ಷೆಯ ದಿನ ಬಂತು. ಅವನು ಹೇಳಿದ್ದನ್ನು ಬರೆಯಲು ಸಂಘದ ಹುಡುಗನೊಬ್ಬ ಪಕ್ಕದಲ್ಲಿ ಕೂತ. ಮೊದಲ ಪ್ರಶ್ನೆಗೆ ಅವನು ತಡೆಯಿಲ್ಲದೆ ಉತ್ತರ ಹೇಳಿದ. ಎಂಥ ಉತ್ತರ ಎಂದು ಬರೆಯುವ ಹುಡುಗ ಬೆರಗಾದ. ಇನ್ನೆರಡಕ್ಕೂ ಹೇಳಿದ. ಆಮೇಲೆ ಹುಡುಗ ಮುಂದಿನ ಪ್ರಶ್ನೆ ಓದಿ ಪೆನ್ನು ಹಿಡಿದು ಕಾದ. ಉತ್ತರ ಬರಲಿಲ್ಲ. ಅದರ ಮುಂದಿನದನ್ನು ಓದಿದ. ಅದಕ್ಕೂ ಇಲ್ಲ. ಉಳಿದವನ್ನು ಓದಬೇಡಪ್ಪ ಎಂದು ಕಣ್ಣಿಲ್ಲದವನು ಹೇಳಿದ. ಗಂಟೆ ಹೊಡೆಯುವತನಕ ಇಬ್ಬರೂ ಸುಮ್ಮನೆ ಕೂತರು.

ನೆರೆ ಇಳಿಯಿತು. ವಿದ್ಯಾರ್ಥಿನಿ ಅಲ್ಲಿ ಮೈಮುರಿದು ದುಡಿದಿದ್ದಳು. ಕೆಸರು ಬಳಿದಳು, ಗಂಜಿ ಬೇಯಿಸಿದಳು, ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡು ತಿರುಗಿದಳು. ಅದರಲ್ಲಿ ಸುಳ್ಳಿಲ್ಲ. ಕಾಲೇಜಿನಲ್ಲಿ ಅವಳಿಗೆ ಹಾರ ಹಾಕಿದರು. ಹಾರ ತೆಗೆದಿಟ್ಟು ನೇರವಾಗಿ ಅವನ ಕೋಣೆಗೆ ಬಂದಳು.

“ಪರೀಕ್ಷಾ ಯಾವಾಗ್ರಿ?”

“ಆತ್ರಿ.”

“ನನ್ನ ಗೆಳತಿ ಬಂದಿದ್ಲಲ್ರಿ?”

“ಬಂದಿದ್ರು. ಭಾಳ ಛಲೋ ಓದಿದ್ರು.”

ಅವನು ಅವಳಿಗೆ ಚಾಪೆ ಹಾಸಿದ. ನೆರೆಯಲ್ಲಿ ಜನಕ್ಕೆ ಏನಾಯಿತು, ದನಕರು ಉಳಿದವೋ ಎಂದು ವಿಚಾರಿಸಿದ. ಒಂದು ಬಿರುಸು ಮಾತು ಆಡಲಿಲ್ಲ. ಫಲಿತಾಂಶ ಬಂದಾಗ ಅವನು ಫೇಲಾಗಿದ್ದ. ಶಾಲೆಯವರು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಅವನು ಬೆತ್ತ ಹೆಣೆಯುತ್ತ ಉಳಿದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಮುಂದೇನೋ ಇದೆಯೆಂದು ಕೊಟ್ರೇಶ ಕಾದ. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಎದ್ದು ನಿಂತ. ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟಿತು, ತೆಗೆದು ನೋಡಲಿಲ್ಲ.

“ಆಕಿದು ಏನ್ ತಪ್ಪ್ರಿ ಅಜ್ಜಾರ? ಅಲ್ಲಿ ಸಾವಿರ ಮಂದಿ ನೀರಾಗ ನಿಂತಿದ್ರು, ಇಲ್ಲಿ ಇವ ಒಬ್ಬ. ನೀವ ಹೇಳ್ರಿ, ಅದು ದೊಡ್ಡದಲ್ಲೇನ್ರಿ?”

“ದೊಡ್ಡದು ಖರೆ, ಆದ್ರ ಅಲ್ಲಿ ಆಕೀನ ಬರ್ಬೇಕು ಅಂತ ಯಾರೂ ಹಾದಿ ಕಾಯ್ತಿರಲಿಲ್ಲ, ಇಲ್ಲಿ ಇವ ಕಾಯ್ತಿದ್ದ.”