ಊರಿಗೆ ಹೋಗಿದ್ದ ಹಳ್ಳ

ಗುಡ್ಡದ ಮೇಲಿನ ಮನೆಗಳಿಗೆ ರಸ್ತೆ ಮಾಡಲು ಬಂದ ಬುಲ್ಡೋಜರಿಗೆ ಬಲು ಅವಸರ. ಅಲ್ಲಿನವರು ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಯುವುದನ್ನು ಅದು ಕಣ್ಣಾರೆ ಕಂಡಿತ್ತು. ನಡುಬೇಸಿಗೆ. ದಾರಿಗೆ ಅಡ್ಡವಾಗಿ ಒಂದು ಒಣ ತಗ್ಗು ಸಿಕ್ಕಿತು. ಅದಕ್ಕೆ ಮಣ್ಣು ತುಂಬಲು ಹೊರಟಾಗ ಮುದಿ ಕಪ್ಪೆಯೊಂದು ನೆಲದೊಳಗಿಂದ ತಲೆ ಎತ್ತಿತು.

"ಸ್ವಾಮಿ, ಇದು ಹಳ್ಳದ ದಾರಿ. ಮುಚ್ಚಬೇಡಿ."

"ಎಲ್ಲಿದೆಯೋ ಹಳ್ಳ? ಒಂದು ಹನಿ ನೀರಿಲ್ಲ!"

"ಊರಿಗೆ ಹೋಗಿದೆ, ಮಳೆಗಾಲಕ್ಕೆ ಬರುತ್ತದೆ. ಮನೆಯವರಿಲ್ಲವೆಂದು ಯಾರಾದರೂ ಅವರ ಬಾಗಿಲಿಗೆ ಗೋಡೆ ಕಟ್ಟುತ್ತಾರೆಯೇ?"

"ಹಾಗಾದರೆ ರಸ್ತೆ ಬೇಡವೋ? ಜೋಲಿಯಲ್ಲೇ ಜೀವ ಹೋಗಬೇಕೋ?"

"ಬೇಡವೆಂದೆನೇ? ಅಡಿಯಲ್ಲೊಂದು ಮೋರಿ ಇಡಿ. ಮೇಲೆ ನೀವು ಹೋಗಿ, ಕೆಳಗೆ ಅದು ಹೋಗಲಿ."

"ಮೋರಿ ಕಟ್ಟುವವರೆಗೆ ಕಾಯಿಲೆ ಕಾಯುತ್ತದೆಯೇ?" ಎನ್ನುತ್ತ ಬುಲ್ಡೋಜರು ಮಣ್ಣು ದೂಡಿತು. ಕಪ್ಪೆ ಕುಪ್ಪಳಿಸಿ ಬದಿಗೆ ಸರಿಯಿತು.

ಮುಂಗಾರಿಗೆ ಹಳ್ಳ ಮರಳಿ ಬಂತು. ರಸ್ತೆಯ ಬಳಿ ನಿಂತಿತು, ತುಂಬಿತು, ಕೊನೆಗೆ ರಸ್ತೆಯನ್ನೇ ಕೊಚ್ಚಿಕೊಂಡು ಹೋಯಿತು. ಆಚೆ ದಡದಲ್ಲಿ ಜೋಲಿ ಹೊತ್ತವರು ನೀರು ಇಳಿಯಲೆಂದು ಕಾದು ನಿಂತರು. ಹಿಂದೆಯಾದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುತ್ತಿದ್ದರು. ಈಗ ಆ ಬಂಡೆಗಳೂ ರಸ್ತೆಯಿಂದ ಕುಸಿದ ಮಣ್ಣಿನಡಿ ಹೂತುಹೋಗಿದ್ದವು. ಈಚೆ ದಡದಿಂದ ಬುಲ್ಡೋಜರು ಅದನ್ನೆಲ್ಲ ನೋಡಿತು.

ಮರುವರ್ಷ ಬೇಸಿಗೆಯಲ್ಲಿ ಅದು ಮತ್ತೆ ಬಂತು. ಹಿಂದೆಯೇ ಮೋರಿಯ ಕೊಳವೆಗಳನ್ನು ಹೊತ್ತ ಲಾರಿಯೂ ಬಂತು. ಒಣ ತಗ್ಗಿನ ಮುಂದೆ ನಿಂತು, ಎಂಜಿನ್ ಆರಿಸಿ, ಬುಲ್ಡೋಜರು ಮೆಲ್ಲಗೆ ಕೇಳಿತು:

"ಕಪ್ಪೆಯಜ್ಜಾ, ಮನೆಯವರು ಬಂದರೆ ಬಾಗಿಲು ಎಷ್ಟು ಅಗಲ ಬೇಕಾಗುತ್ತದೆ?"